ಮೇ ತಿಂಗಳ ರೋಸ್, ಪಿಯು ಮುಗಿಸಿದ ಮಗ, ಡ್ರಿಂಕ್ಸ್ ಕೌಂಟರ್: ಏನು ಮಾಡಲಿ?

ಶಿರ್ವದ ಅಮ್ಮ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡ್ಕೋಬೇಡಿ.

ಮಗನದು ಸೆಕೆಂಡ್ ಪಿಯು ಮುಗಿಯಿತು, ಸಿಇಟಿಯೂ ಆಯಿತು. ಇನ್ನು ಕಾಲೇಜು ಸೇರುವ ತನಕ ಬರೀ ರಜೆ. ಬೆಳಿಗ್ಗೆ ಹತ್ತಕ್ಕೆ ಏಳುತ್ತಾನೆ. ಮೊಬೈಲು, ಊಟ, ಮೊಬೈಲು, ಸಂಜೆ ಗದ್ದೆಯಲ್ಲಿ ಕ್ರಿಕೆಟ್, ರಾತ್ರಿ ಮತ್ತೆ ಮೊಬೈಲು. ಇದೊಂದು ತಲೆಬಿಸಿ.

ದೊಡ್ಡ ತಲೆಬಿಸಿ ಬೇರೆ. ಮೇ ತಿಂಗಳಲ್ಲಿ ನನ್ನ ಅಣ್ಣನ ಮಗಳ ಮದುವೆ. ರೋಸ್ ಮನೆ ಅಂಗಳದಲ್ಲೇ, ಶಾಮಿಯಾನ ಹಾಕಿ. (ಗೊತ್ತಿಲ್ಲದವರಿಗೆ: ಮದುವೆಯ ಹಿಂದಿನ ದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುವ ಶಾಸ್ತ್ರ, ಮಂಗಳೂರು ಕಡೆಯ ಕ್ಯಾಥೊಲಿಕರದು.) ಅಣ್ಣ ಫೋನ್ ಮಾಡಿ, "ನಿನ್ನ ಮಗ ಖಾಲಿ ಇದ್ದಾನಲ್ಲ, ಡ್ರಿಂಕ್ಸ್ ಕೌಂಟರ್ ಅವನಿಗೆ ಬಿಡು, ಹುಡುಗ ಚುರುಕು" ಅಂದ. ಮಗನಿಗೆ ಖುಷಿಯೋ ಖುಷಿ. ದೊಡ್ಡವರ ಸಾಲಿಗೆ ಸೇರಿದ ಹಾಗೆ ಅಲ್ವಾ? ಅವನಿಗೆ ಹದಿನೆಂಟು ತುಂಬುವುದು ಆಗಸ್ಟಿನಲ್ಲಿ.

ಇವರ ಹತ್ತಿರ ಹೇಳಿದರೆ, "ನಾವೆಲ್ಲ ಹಾಗೇ ಬೆಳೆದದ್ದು, ಏನಾಗಿದೆ?" ಅನ್ನುತ್ತಾರೆ. ಏನಾಗಿದೆ ಅಂತ ನಮ್ಮ ಕುಟುಂಬದ ಮೂರು ಮನೆ ತೋರಿಸಿ ಹೇಳಬಹುದು. ಬೇಡ ಬಿಡಿ.

ಅಣ್ಣನ ಮನಸ್ಸು ನೋಯಿಸದೆ ಇದನ್ನು ತಪ್ಪಿಸುವುದು ಹೇಗೆ? ಈ ರಜೆಯನ್ನು ಒಬ್ಬ ಕ್ರೈಸ್ತ ಹುಡುಗ ಹೇಗೆ ಕಳೆದರೆ ಚೆಂದ? ಎರಡಕ್ಕೂ ಸಲಹೆ ಕೊಡಿ.

ಕುಡ್ಲದ ಕೀಬೋರ್ಡು

ಅಕ್ಕಾ, ಇವೆರಡೂ ಒಂದೇ ಪ್ರಶ್ನೆ.

ಕ್ಯಾಲೆಂಡರ್ ನೋಡಿ. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ ನಮ್ಮಲ್ಲಿ ಮದುವೆ ಇಡುವುದಿಲ್ಲ. ಈಸ್ಟರ್ ಮುಗಿದ ಕೂಡಲೇ ಶುರು, ಮಳೆ ಬರುವ ಮೊದಲು ಎಲ್ಲ ಮುಗಿಯಬೇಕು. ಹಾಗಾಗಿ ಏಪ್ರಿಲ್ ಕೊನೆಯಿಂದ ಮೇ ಪೂರ್ತಿ ಸಾಲು ಸಾಲು ರೋಸ್, ಮದುವೆ. ಪಿಯು ಮುಗಿಸಿ ಕೈಕಟ್ಟಿ ಕೂತ ಹುಡುಗರು ಸಿಗುವುದೂ ಅದೇ ಆರು ವಾರದಲ್ಲಿ. ನಮ್ಮ ಹುಡುಗರಿಗೆ ಮೊದಲ ಗ್ಲಾಸ್ ಸಿಗುವುದು ಬಾರ್‌ನಲ್ಲಿ ಅಂತ ನಾವು ಅಂದುಕೊಂಡಿದ್ದೇವೆ. ನಾನು ಕ್ವಾಯರ್ ನಡೆಸುವವನು, ಹುಡುಗರ ಜೊತೆ ಕೂತು ಮಾತಾಡುವವನು. ಅವರಲ್ಲಿ ಹೆಚ್ಚಿನವರಿಗೆ ಅದು ಸಿಕ್ಕಿದ್ದು ಸ್ವಂತ ಮಾವನ ಕೈಯಿಂದ, ಶಾಮಿಯಾನದ ಹಿಂದೆ.

ಕಾನಾ ಊರಿನ ಅತಿಥಿ

ಸ್ವಲ್ಪ ತಡೆಯಿರಿ. ಎಲ್ಲರೂ ಒಂದೇ ಕಡೆ ವಾಲುವ ಮೊದಲು ಹೇಳಿಬಿಡುತ್ತೇನೆ.

ಯೇಸುಸ್ವಾಮಿ ಮಾಡಿದ ಮೊದಲ ಸೂಚಕಕಾರ್ಯ ಕಾನಾ ಊರಿನ ಒಂದು ಮದುವೆಯಲ್ಲಿ, ನೀರನ್ನು ದ್ರಾಕ್ಷಾರಸ ಮಾಡಿದ್ದು. ಆರು ಕಲ್ಲಿನ ಬಾನೆಗಳು, ಕಂಠದ ಮಟ್ಟ. 104ನೇ ಕೀರ್ತನೆ ದ್ರಾಕ್ಷಾರಸವನ್ನು ಮನುಷ್ಯನ ಹೃದಯಕ್ಕೆ ಸಂತೋಷ ಕೊಡುವ ದೇವರ ವರ ಅನ್ನುತ್ತದೆ. ಪೌಲ ತಿಮೊಥೆಯನಿಗೆ ಹೊಟ್ಟೆಯ ಸಲುವಾಗಿ ಸ್ವಲ್ಪ ತೆಗೆದುಕೋ ಅಂತ ಬರೆದ. ಕ್ಯಾಥೊಲಿಕ್ ಧರ್ಮೋಪದೇಶವೂ ಮಿತಿಮೀರಬೇಡಿ ಅನ್ನುತ್ತದೆಯೇ ಹೊರತು ಮುಟ್ಟಲೇಬೇಡಿ ಅನ್ನುವುದಿಲ್ಲ. ಬೈಬಲ್ ಹಾಕದ ಬೇಲಿಯನ್ನು ನಾವು ಯಾಕೆ ಹಾಕಬೇಕು?

ಇನ್ನೊಂದು. ಜುಲೈನಲ್ಲಿ ಆ ಹುಡುಗ ಬೆಂಗಳೂರಿಗೋ ಮಣಿಪಾಲಕ್ಕೋ ಹೋಗುತ್ತಾನೆ. ಹಾಸ್ಟೆಲ್‌ನಲ್ಲಿ ಗೊತ್ತುಗುರಿ ಇಲ್ಲದೆ ಕಲಿಯುವುದಕ್ಕಿಂತ ಮನೆಯವರ ಕಣ್ಣೆದುರು ಮಿತಿ ಕಲಿಯುವುದು ಒಳ್ಳೆಯದಲ್ವಾ?

ಹುಬ್ಬಳ್ಳಿ ಸಭಾಪಾಲಕ

ಅತಿಥಿಯವರೇ, ನೀವು ಹೇಳಿದ ವಚನಗಳೆಲ್ಲ ಇರುವುದೇ. ಕುಡಿಯುವುದೇ ಪಾಪ ಅಂತ ನಾನೂ ಪ್ರಸಂಗ ಮಾಡುವುದಿಲ್ಲ, ಮಾಡಿದರೆ ನೀವು ಕಾನಾ ಊರಿಗೆ ಕರೆದುಕೊಂಡು ಹೋಗುತ್ತೀರಿ.

ಆದರೆ ತಿಮೊಥೆಯನ ಮಾತನ್ನು ಪೂರ್ತಿ ಓದಿ. ಇನ್ನು ಮೇಲೆ ಬರೀ ನೀರು ಕುಡಿಯಬೇಡ ಅಂತ ಶುರುವಾಗುತ್ತದೆ. ಅಂದರೆ ಆ ಹುಡುಗ ಅಲ್ಲಿಯ ತನಕ ನೀರು ಮಾತ್ರ ಕುಡಿಯುತ್ತಿದ್ದ. ಕಾಯಿಲೆಗೆ ಅಂತ ಹಿರಿಯರೊಬ್ಬರು ಪತ್ರ ಬರೆದು ಹೇಳಬೇಕಾಯಿತು. ಅದನ್ನು ನಮ್ಮ ಶಾಮಿಯಾನಕ್ಕೆ ಹೊಂದಿಸುವುದು ಕಷ್ಟ ರೀ. ಅದೇ ಪೌಲ ಕೊರಿಂಥದವರಿಗೆ ಬರೆಯುವಾಗ, ಕರ್ತನ ಭೋಜನಕ್ಕೆ ಕೂಡಿದಾಗಲೇ ಒಬ್ಬ ಹಸಿದಿರುತ್ತಾನೆ, ಇನ್ನೊಬ್ಬ ಕುಡಿದು ಮತ್ತನಾಗಿರುತ್ತಾನೆ ಅಂತ ಬೈಯುತ್ತಾನೆ. ರೋಮಾಪುರದವರಿಗೆ, ನಿನ್ನ ಸಹೋದರ ಎಡವುವುದಾದರೆ ದ್ರಾಕ್ಷಾರಸ ಬಿಡುವುದೇ ಒಳ್ಳೆಯದು ಅನ್ನುತ್ತಾನೆ. ಬೇಲಿ ಹಾಕಿದ್ದು ಪ್ರೀತಿಯ ಸಲುವಾಗಿ.

ಹಾಗಾಗಿ ಈ ತಾಯಿಗೆ ನಾನು ಕೇಳುವುದು ಇಷ್ಟೇ: ನಿಮ್ಮಣ್ಣನ ಅಂಗಳದಲ್ಲಿ ಆ ರಾತ್ರಿ ಎಡವಬಹುದಾದವರು ಯಾರ್ಯಾರು? ನಿಮ್ಮ ಮಗ ಒಬ್ಬನೇ ಅಲ್ಲ. ಕಳೆದ ವರ್ಷ ಬಿಟ್ಟು ಈಗ ಕಷ್ಟಪಟ್ಟು ನಿಂತವರು ಯಾರಾದರೂ ಆ ಅತಿಥಿಗಳಲ್ಲಿ ಇರಬಹುದು.

ಪಿಯು ಮುಗೀತು

ನಮಗೇನನಿಸುತ್ತೆ ಅಂತ ಯಾರೂ ಕೇಳಿಲ್ಲ, ಆದರೂ ಹೇಳ್ತೀನಿ. ನನಗೆ 18.

ಕೌಂಟರ್‌ನಲ್ಲಿ ಏನು ನಡೆಯುತ್ತೆ ಅಂತ ದೊಡ್ಡವರಿಗೆ ಗೊತ್ತಿಲ್ಲ, ಅಥವಾ ಗೊತ್ತಿಲ್ಲದ ಹಾಗೆ ಇರ್ತಾರೆ. ಅಳತೆ ಕಪ್ಪು ಮೊದಲ ಅರ್ಧ ಗಂಟೆ ಮಾತ್ರ. ಆಮೇಲೆ ಕೈಯಳತೆ. ಬಾಟಲಿ ಖಾಲಿ ಆಗುವಾಗ ತಳದಲ್ಲಿ ಒಂದು ಬೆರಳಷ್ಟು ಬಿಡ್ತಾರೆ, ಅದನ್ನೆಲ್ಲ ಒಂದು ದೊಡ್ಡ ಕೋಲಾ ಬಾಟಲಿಗೆ ಸುರಿದು ಮೇಜಿನ ಬಟ್ಟೆಯ ಕೆಳಗೆ ಐಸ್ ಬಕೆಟ್ ಪಕ್ಕ ಇಡೋದು. ರಮ್ಮು, ವಿಸ್ಕಿ, ಬ್ರಾಂಡಿ ಎಲ್ಲ ಒಂದೇ ಬಾಟಲಿಯಲ್ಲಿ. ನೋಡಿದವರಿಗೆ ಬರೀ ಕೋಲಾ. ಡಿಜೆ ಜೋರಾದ ಮೇಲೆ ಅದು ಹಿತ್ತಲಿಗೆ ಹೋಗುತ್ತೆ. ಯಾರಾದರೂ ಅಂಕಲ್ ನೋಡಿದರೂ, "ಬೆಳಿಗ್ಗೆಯಿಂದ ದುಡಿದಿದ್ದೀರಿ, ಸ್ವಲ್ಪ ಹಾಕ್ಕೊಳ್ಳಿ" ಅಂತಾರೆ. ಬೈದವರನ್ನು ನಾನು ನೋಡಿಲ್ಲ.

ಕಾನಾ ಸರ್, ಅಲ್ಲಿ ಯಾರೂ ಮಿತಿ ಕಲಿಸಲ್ಲ. ಮಿತಿ ಕಲಿಸಬೇಕಾದವರೇ ಆಗ ಸ್ಟೇಜ್ ಮೇಲೆ ಬೈಲಾ ಕುಣಿತಿರ್ತಾರೆ.

ಶಿರ್ವದ ಅಮ್ಮ

ಕೋಲಾ ಬಾಟಲಿಯ ವಿಷಯ ಓದಿ ಕೈಕಾಲು ತಣ್ಣಗಾಯಿತು ಮಗಾ. ಥ್ಯಾಂಕ್ಸ್, ಹೇಳಿದ್ದಕ್ಕೆ.

ಕೋರ್ಟು ಹಾಲು ಕಾಫಿ

ವಕೀಲಿಕೆ ಮಾಡುವವಳು. ಕಾನೂನಿನ ಮಾತು ಎರಡು ಹೇಳಿ ಹೋಗುತ್ತೇನೆ.

2015ರ ಬಾಲನ್ಯಾಯ ಕಾಯ್ದೆ ತೆಗೆಯಿರಿ. ಸೆಕ್ಷನ್ 77: ವೈದ್ಯರ ಸಲಹೆ ಇಲ್ಲದೆ ಮಕ್ಕಳಿಗೆ ಮದ್ಯ ಕೊಟ್ಟರೆ ಅಥವಾ ಕೊಡಿಸಿದರೆ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ. ಸೆಕ್ಷನ್ 78: ಮದ್ಯ ಮಾರಲು, ಸಾಗಿಸಲು, ಸರಬರಾಜು ಮಾಡಲು ಮಕ್ಕಳನ್ನು ಬಳಸಿಕೊಂಡರೂ ಅಷ್ಟೇ ಶಿಕ್ಷೆ. ಈ ಕಾಯ್ದೆಯಲ್ಲಿ ಮಗು ಅಂದರೆ ಹದಿನೆಂಟು ತುಂಬದವರು. ಆಗಸ್ಟಿನಲ್ಲಿ ಹದಿನೆಂಟಾಗುವ ಹುಡುಗ ಮೇ ತಿಂಗಳಲ್ಲಿ ಮಗುವೇ.

ಪಾರ್ಟಿಯಲ್ಲಿ ಮದ್ಯ ಇಡಲು ಅಬಕಾರಿ ಇಲಾಖೆಯಿಂದ ಸಿಎಲ್-5 ಲೈಸೆನ್ಸ್ ಬೇಕು. ಅದನ್ನೂ ನಿಮ್ಮಣ್ಣನವರ ಕಿವಿಗೆ ಹಾಕಿ. ಧರ್ಮದ ಮಾತಿಗೆ ಬಗ್ಗದ ಎಷ್ಟೋ ಅಣ್ಣಂದಿರು ಸೆಕ್ಷನ್ ನಂಬರಿಗೆ ಬಗ್ಗುತ್ತಾರೆ, ಅನುಭವದ ಮಾತು.

ಸಾಲ್ಮಿಯಾದಿಂದ

ಕುವೈತಿನಲ್ಲಿದ್ದೇನೆ. ಇಲ್ಲಿ ಮದ್ಯ ಪೂರ್ತಿ ನಿಷೇಧ. ನಮ್ಮ ಮಂಗಳೂರಿನವರು ಇಲ್ಲಿ ಮೊಂತಿ ಫೆಸ್ತ್ (ಮೇರಿ ಮಾತೆಯ ಹುಟ್ಟುಹಬ್ಬ) ಮಾಡುತ್ತಾರೆ, ಬೆಳ್ಳಿಹಬ್ಬ, ನಾಮಕರಣ, ಕೊಂಕಣಿ ನಾಟಕ, ಡ್ಯಾನ್ಸ್ ಎಲ್ಲ ಮಾಡುತ್ತಾರೆ. ಜ್ಯೂಸ್ ಕುಡಿದೇ ಹನ್ನೆರಡು ಗಂಟೆ ತನಕ ಕುಣಿಯುತ್ತಾರೆ. ಯಾರ ಸಂತೋಷಕ್ಕೂ ಕೊರತೆ ಕಂಡಿಲ್ಲ.

ಅದೇ ಜನ ರಜೆಗೆ ಬಜ್ಪೆ ಏರ್‌ಪೋರ್ಟಿನಲ್ಲಿ ಇಳಿಯುವಾಗ ಕೈಯಲ್ಲಿ ಡ್ಯೂಟಿ ಫ್ರೀ ಚೀಲ. ಮಾರನೇ ದಿನ, "ಡ್ರಿಂಕ್ಸ್ ಇಲ್ಲದಿದ್ದರೆ ಅದೆಂತ ರೋಸ್ ಮಾರಾಯ" ಅನ್ನುತ್ತಾರೆ. ಹನ್ನೊಂದು ತಿಂಗಳು ಇಲ್ಲದೆ ಆಗುತ್ತದೆ, ಊರಿಗೆ ಹೋದಾಗ ಮಾತ್ರ ಆಗುವುದಿಲ್ಲ! ನನಗೆ ಇದು ಒಗಟಾಗಿಯೇ ಉಳಿದಿದೆ.

ಮಕ್ಕಳ ಕಡೆಯಿಂದಲೂ ನೋಡಿ. ವರ್ಷಕ್ಕೊಮ್ಮೆ ಅಪ್ಪ ಬರುತ್ತಾನೆ. ಆ ನಾಲ್ಕು ವಾರ ರಾತ್ರಿ ಎಂಟರ ಮೇಲೆ ಅವನು ಮಾತಿಗೆ ಸಿಗುವುದಿಲ್ಲ.

ಬೀದರ್ ಟೀಚರ್

ನಮ್ಮದು ಮೆಥಡಿಸ್ಟ್ ಸಭೆ. ನಮ್ಮಲ್ಲಿ ಪವಿತ್ರ ಭೋಜನಕ್ಕೂ ಹುಳಿಯಿಸದ ದ್ರಾಕ್ಷಿ ರಸವೇ. ಅದರ ಹಿಂದೆ ಒಂದು ಕಥೆ ಇದೆ. ದ್ರಾಕ್ಷಿ ಹಿಂಡಿಟ್ಟರೆ ತಾನಾಗಿ ಹುಳಿಯುತ್ತದೆ, ಏನು ಮಾಡುವುದು? ಅಮೆರಿಕದ ನ್ಯೂಜೆರ್ಸಿಯಲ್ಲಿ ಥಾಮಸ್ ಬ್ರಾಮ್‌ವೆಲ್ ವೆಲ್ಚ್ ಅಂತ ಒಬ್ಬ ಹಲ್ಲಿನ ಡಾಕ್ಟರು, ಮೆಥಡಿಸ್ಟ್ ಸಭೆಯವರು, 1869ರಲ್ಲಿ ಪಾಶ್ಚರ್ ಕಂಡುಹಿಡಿದ ರೀತಿಯಲ್ಲಿ ರಸವನ್ನು ಬಿಸಿ ಮಾಡಿ ಬಾಟಲಿಗೆ ತುಂಬಿಸಿದರು. ಹುಳಿಯಲಿಲ್ಲ. ಕರ್ತನ ಮೇಜಿಗೆ ಅಂತ ಮಾಡಿದ್ದು ಆಮೇಲೆ ದೊಡ್ಡ ವ್ಯಾಪಾರವಾಯಿತು.

ರಜೆಯ ವಿಷಯಕ್ಕೆ ಬಂದರೆ ವಿಬಿಎಸ್ ನೆನಪಾಗುತ್ತದೆ. ಬೇಸಿಗೆಯಲ್ಲಿ ನಮ್ಮ ಸಭೆಗಳಲ್ಲಿ ನಡೆಯುವ ಈ ರಜಾ ಬೈಬಲ್ ಶಾಲೆ ಶುರುವಾದದ್ದು ಎಲ್ಲಿ ಗೊತ್ತಾ? 1898ರಲ್ಲಿ ನ್ಯೂಯಾರ್ಕ್‌ನಲ್ಲಿ ಶ್ರೀಮತಿ ಹಾವ್ಸ್ ಅನ್ನುವವರು ರಜೆಯಲ್ಲಿ ಬೀದಿ ಸುತ್ತುವ ಬಡ ಮಕ್ಕಳನ್ನು ನೋಡಿ ಒಂದು ಜಾಗ ಬಾಡಿಗೆಗೆ ಹಿಡಿದರು. ಆ ಜಾಗ ಒಂದು ಬಿಯರ್ ಹಾಲ್! ಸಂಜೆ ಕುಡುಕರು ಕೂರುವ ಕಡೆ ಹಗಲು ಮಕ್ಕಳು ಹಾಡಿದರು.

ನಿಮ್ಮ ಮಗನಂಥವರು ವಿಬಿಎಸ್‌ನಲ್ಲಿ ಮಕ್ಕಳಾಗಿ ಕೂರುವ ವಯಸ್ಸು ದಾಟಿದ್ದಾರೆ, ಟೀಚರ್ ಆಗಿ ನಿಲ್ಲಲಿ. ನಮ್ಮ ಕಡೆ ಮೇ ಬಿಸಿಲಿಗೆ ಹತ್ತರೊಳಗೆ ಮುಗಿಸಲೇಬೇಕು, ಹಾಗಾಗಿ ಬೆಳಿಗ್ಗೆ ಏಳಕ್ಕೇ ಶುರು. ಮೂರನೇ ಕ್ಲಾಸಿನ ಹತ್ತು ಮಕ್ಕಳಿಗೆ ಆಕ್ಷನ್ ಸಾಂಗ್ ಕಲಿಸಬೇಕಾದ ಹುಡುಗ ರಾತ್ರಿ ಎರಡು ಗಂಟೆ ತನಕ ಮೊಬೈಲು ನೋಡುವುದಿಲ್ಲ. ನಾವು ಬೈಯುವ ಅಗತ್ಯವೇ ಬೀಳುವುದಿಲ್ಲ.

ಕಾನಾ ಊರಿನ ಅತಿಥಿ

ಟೀಚರ್, ಗೌರವದಿಂದಲೇ ಹೇಳುತ್ತೇನೆ: ನಮ್ಮಲ್ಲಿ ಬಲಿಪೂಜೆಗೆ ದ್ರಾಕ್ಷಿಯ ನಿಜವಾದ ವೈನ್ ಬೇಕೇ ಬೇಕು, ಅದು ಶ್ರೀಸಭೆಯ ಕಾನೂನು.

ಕುಡ್ಲದ ಕೀಬೋರ್ಡು

ಹೌದು. ಅದೇ ಶ್ರೀಸಭೆ, ಮದ್ಯದ ಚಟದಿಂದ ಹೊರಬಂದ ಗುರುಗಳಿಗೆ ಮದ್ಯದ ಅಂಶ ತೀರಾ ಕಮ್ಮಿ ಇರುವ ದ್ರಾಕ್ಷಿ ರಸ ಬಳಸಲು ಬಿಷಪರಿಂದ ಅನುಮತಿಯನ್ನೂ ಕೊಡಿಸುತ್ತದೆ. ಪೂಜೆಯ ಪೀಠದಲ್ಲೇ ಎಡವುವವರ ಲೆಕ್ಕ ಇಟ್ಟಿದ್ದಾರೆ. ನಮ್ಮ ಅಂಗಳದಲ್ಲಿ ಇಡಬಾರದಾ?

ರಾತ್ರಿ ಪಾಳಿ

ಬೆಂಗಳೂರಿನಲ್ಲಿ ನರ್ಸ್. ಡ್ಯೂಟಿ ಮುಗಿಸಿ ಓದುತ್ತಿದ್ದೇನೆ, ತಪ್ಪಿದ್ದರೆ ತಿದ್ದಿ.

"ಮನೆಯಲ್ಲಿ ಕಲಿಸಿದರೆ ಮಿತಿ ಬರುತ್ತೆ" ಅನ್ನುವುದನ್ನು ತುಂಬ ಕೇಳಿದ್ದೇನೆ. ನಮಗೆ ಕಲಿಸಿದ್ದು ಇದಕ್ಕೆ ಉಲ್ಟಾ: ಎಷ್ಟು ಚಿಕ್ಕ ವಯಸ್ಸಿನಲ್ಲಿ ಶುರುವೋ, ಮುಂದೆ ಚಟವಾಗುವ ಅಪಾಯ ಅಷ್ಟು ಜಾಸ್ತಿ. ಮೆದುಳು ಬೆಳೆದು ಮುಗಿಯುವುದು ಇಪ್ಪತ್ತು ದಾಟಿದ ಮೇಲೆ. ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಮದ್ಯವನ್ನು 1988ರಲ್ಲೇ ಸೇರಿಸಿದ್ದಾರೆ. ಇಷ್ಟು ಕುಡಿದರೆ ಏನೂ ಆಗುವುದಿಲ್ಲ ಅನ್ನುವ ಸುರಕ್ಷಿತ ಮಟ್ಟ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಬಿಡಿಸಿ ಹೇಳಿತು.

ಇನ್ನೊಂದು ಮಾತು, ದಯವಿಟ್ಟು ಇದನ್ನು ಬಿಡದೆ ಓದಿ. ಮನೆಯಲ್ಲಿ ದಿನಾ ಕುಡಿಯುವವರಿದ್ದು, ಇವತ್ತಿನಿಂದ ಬಿಟ್ಟೆ ಅಂತ ಒಂದೇ ಸಲ ನಿಲ್ಲಿಸಿದರೆ ಅಪಾಯ ಆಗಬಹುದು. ಮೊದಲ ದಿನ ಕೈ ನಡುಕ, ಬೆವರು, ವಾಂತಿ. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದಲ್ಲಿ ಕೆಲವರಿಗೆ ಇಲ್ಲದ್ದು ಕಾಣುವುದು, ದಿಕ್ಕು ತಪ್ಪಿ ಮಾತಾಡುವುದು. ಇದಕ್ಕೆ ಚಿಕಿತ್ಸೆ ಸಿಗದಿದ್ದರೆ ಜೀವ ಹೋಗುವುದೂ ಉಂಟು. ಅದನ್ನು ದೆವ್ವ ಅಂದುಕೊಂಡು ಪ್ರಾರ್ಥನೆಗೆ ಕೂರಿಸಿ, ಮೂರನೇ ದಿನ ನಮ್ಮ ವಾರ್ಡಿಗೆ ತಂದವರಿದ್ದಾರೆ. ಪ್ರಾರ್ಥನೆ ಖಂಡಿತ ಮಾಡಿ, ಆಸ್ಪತ್ರೆಯ ಮಂಚದ ಪಕ್ಕ ಕೂತು ಮಾಡಿ. ನಿಮ್ಹಾನ್ಸ್‌ನಲ್ಲಿ ಇದಕ್ಕೇ ಬೇರೆ ವಿಭಾಗ ಇದೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರವೂ ಹೋಗಬಹುದು. ಫೋನಿನಲ್ಲಿ ಮಾತಾಡಲು ಟೆಲಿ ಮನಸ್ 14416, ವ್ಯಸನಮುಕ್ತಿಗೆ 14446.

ಹೆಸರು ಬೇಡ

ಮೊದಲ ಸಲ ಬರೆಯುತ್ತಿದ್ದೇನೆ. ನನ್ನ ಗಂಡ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟ) ಸದಸ್ಯ.

ಮಂಗಳೂರು ಕಡೆ ಎಎ ಕೂಟಗಳು ಹೆಚ್ಚಾಗಿ ಚರ್ಚ್ ಹಾಲ್‌ಗಳಲ್ಲಿ, ಶಾಲೆಯ ಕೋಣೆಗಳಲ್ಲಿ ನಡೆಯುತ್ತವೆ. 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಇಬ್ಬರು ಕುಡುಕರು ಕೂತು ಮಾತಾಡಿದ್ದರಿಂದ ಶುರುವಾದದ್ದಂತೆ. ಮನೆಯವರಿಗೆ ಅಲನಾನ್ ಅಂತ ಬೇರೆಯೇ ಇದೆ, 1951ರಿಂದ. ಗಂಡ ಬಿಡುವ ಮೊದಲೇ ನಾನು ಅಲನಾನ್‌ಗೆ ಹೋಗಲು ಶುರು ಮಾಡಿದ್ದೆ. ಅವರ ಬಾಟಲಿ ಹುಡುಕುವುದು, ಚೆಲ್ಲುವುದು, ಆಫೀಸಿಗೆ ಹೊಟ್ಟೆನೋವು ಅಂತ ಫೋನ್ ಮಾಡುವುದು, ಇವೆಲ್ಲ ನನ್ನ ಕೆಲಸ ಅಲ್ಲ ಅಂತ ಅಲ್ಲಿ ಗೊತ್ತಾಯಿತು.

ನಮಗೆ ಈಗ ಕಷ್ಟದ ತಿಂಗಳು ಮೇ. ಡಿಸೆಂಬರ್ ಅಲ್ಲ. ಡಿಸೆಂಬರ್‌ನಲ್ಲಿ ಕೆಲಸ ಇರುತ್ತದೆ: ಕುಸ್ವಾರ್ (ಕ್ರಿಸ್ಮಸ್ ತಿಂಡಿಗಳು), ಗೋದಲಿ, ಕ್ಯಾರೊಲ್. ಮೇ ತಿಂಗಳಲ್ಲಿ ಆಮಂತ್ರಣ ಪತ್ರಿಕೆ ಬರುತ್ತವೆ. ಪ್ರತಿ ರೋಸ್‌ಗೆ ಹೋಗುವ ಮುಂಚೆ ನಾವು ಮಾತಾಡಿಕೊಳ್ಳುತ್ತೇವೆ: ಯಾರ ಪಕ್ಕ ಕೂರುವುದು, ಊಟ ಆದ ಕೂಡಲೇ ಹೊರಡುವುದು, ಸ್ಕೂಟರ್ ಕೀ ನನ್ನ ಕೈಯಲ್ಲಿ. ಅಷ್ಟಾದರೂ ಒಬ್ಬ ಹುಡುಗ ಟ್ರೇ ಹಿಡಿದು ಬಂದು, "ಅಂಕಲ್, ಒಂದೇ ಒಂದು" ಅನ್ನುತ್ತಾನೆ. ಅವನ ತಪ್ಪಲ್ಲ. ಅವನಿಗೆ ಯಾರೋ ಆ ಟ್ರೇ ಕೊಟ್ಟಿದ್ದಾರೆ.

ಶಿರ್ವದ ಅಕ್ಕಾ, ನಿಮ್ಮ ಮಗನಿಗೆ ಆ ಟ್ರೇ ಕೊಡಬೇಡಿ.

ಹುಬ್ಬಳ್ಳಿ ಸಭಾಪಾಲಕ

ಬರೆದಿದ್ದಕ್ಕೆ ವಂದನೆ ತಂಗಿ. ನಿಮ್ಮಿಬ್ಬರನ್ನೂ ಪ್ರಾರ್ಥನೆಯಲ್ಲಿ ನೆನೆಯುತ್ತೇನೆ.

ಜೆಪ್ಪು ಹೆಂಚು

ಇಷ್ಟೊತ್ತು ಸುಮ್ನೆ ಓದುತ್ತಿದ್ದೆ. ನಮ್ಮದು ಬಾಸೆಲ್ ಮಿಶನ್ (ಸ್ವಿಟ್ಜರ್ಲೆಂಡಿನ ಮಿಶನರಿ ಸಂಸ್ಥೆ) ಮೂಲದ ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ ಕುಟುಂಬ. ಈ ಚರ್ಚೆಗೆ ಸೇರುವ ಒಂದು ಹಳೆಯ ವಿಷಯ ಉಂಟು.

1834ರಲ್ಲಿ ಮಿಶನ್‌ನವರು ಮಂಗಳೂರಿಗೆ ಬಂದರು. ಸಭೆಗೆ ಸೇರಿದವರಲ್ಲಿ ಬಿಲ್ಲವರು ತುಂಬ ಜನ. ಎಷ್ಟೋ ಮನೆಗಳಲ್ಲಿ ಮೂರ್ತೆ, ಅಂದರೆ ಮರ ಹತ್ತಿ ಕಳ್ಳು ಇಳಿಸುವುದೇ ಕಸುಬು. ಕ್ರೈಸ್ತನಾದವನು ಕಳ್ಳಿನ ಕೆಲಸ ಮಾಡಬಾರದು ಅಂತ ಮಿಶನ್ ಹೇಳಿತು. ಹೇಳುವುದು ಸುಲಭ. ಮರುದಿನ ಗಂಜಿಗೆ ಎಲ್ಲಿ ಹೋಗುವುದು? ಆ ಪ್ರಶ್ನೆಯಿಂದ ಅವರು ತಪ್ಪಿಸಿಕೊಳ್ಳಲಿಲ್ಲ. ಮುದ್ರಣಾಲಯ, ನೇಯ್ಗೆ, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ. ಮಂಗಳೂರು ಹೆಂಚು ಅಂತ ಊರೂರು ಸುತ್ತಿದ್ದು ಹಾಗೆ. ಮಿಶನ್‌ನವರ ಎಲ್ಲ ಧೋರಣೆ ನನಗೆ ಒಪ್ಪಿಗೆ ಅಂತಲ್ಲ. ಕೆಲಸಕ್ಕೂ ಸಭೆಗೂ ಒಬ್ಬರೇ ಯಜಮಾನರಾದರೆ ಏನೇನಾಗುತ್ತದೆ ಅಂತ ಹಿರಿಯರು ಹೇಳಿದ ಕಥೆಗಳಿವೆ. ಆದರೆ ಇದೊಂದರಲ್ಲಿ ಅವರ ಲೆಕ್ಕ ಸರಿ ಇತ್ತು: ಬೇಡ ಅಂದವರು ಬೇರೆ ಏನಾದರೂ ಕೈಗೆ ಕೊಡಬೇಕು.

ನಮ್ಮ ಈಗಿನ ಸಭೆಗಳಲ್ಲಿ 'ಬೇಡ' ಜೋರಾಗಿ ಕೇಳುತ್ತದೆ, ಹೆಂಚಿನ ಕಾರ್ಖಾನೆ ಕಾಣುವುದಿಲ್ಲ. ಹುಡುಗನಿಗೆ ಕೌಂಟರ್ ಬೇಡ ಅನ್ನುವ ಮೊದಲು, ಅದೇ ರೋಸ್‌ನಲ್ಲಿ ಅಷ್ಟೇ ಗತ್ತಿನ ಇನ್ನೊಂದು ಕೆಲಸ ಹುಡುಕಿ. ಚಪ್ಪಲಿ ಕಾಯುವ ಕೆಲಸ ಕೊಟ್ಟರೆ ಅವನು ಹಿತ್ತಲಿಗೇ ಹೋಗುತ್ತಾನೆ.

ಪಿಯು ಮುಗೀತು

ಇದು ಪಾಯಿಂಟ್. ಸೌಂಡ್, ಲೈಟ್, ಡ್ರೋನ್ ಕ್ಯಾಮೆರಾ, ಇನ್ವರ್ಟರ್, ಪಾರ್ಕಿಂಗ್. ಇದರಲ್ಲಿ ಯಾವುದಾದರೂ ಒಂದರ ಪೂರ್ತಿ ಚಾರ್ಜ್ ಕೊಡಿ, ದುಡ್ಡಿನ ಲೆಕ್ಕದ ಸಮೇತ. ಮಧ್ಯೆ ಬಂದು ಹಾಗಲ್ಲ ಹೀಗೆ ಅನ್ನಬೇಡಿ.

ಮತ್ತೆ ಆಂಟಿ, ಹತ್ತು ಗಂಟೆಗೆ ಏಳುವುದಕ್ಕೆ ಅಷ್ಟು ತಲೆಬಿಸಿ ಬೇಡ. ಎರಡು ವರ್ಷ ಟ್ಯೂಷನ್‌ಗೆ ಅಂತ ಐದಕ್ಕೆ ಎದ್ದಿದ್ದೀವಿ.

ಹುಬ್ಬಳ್ಳಿ ಸಭಾಪಾಲಕ

ಹುಡುಗ ಹೇಳಿದ್ದರಲ್ಲಿ ಸತ್ಯ ಇದೆ. ಶಿಷ್ಯರು ಊಟಕ್ಕೂ ಬಿಡುವಿಲ್ಲದೆ ದಣಿದಾಗ, ಏಕಾಂತಕ್ಕೆ ಬಂದು ಸ್ವಲ್ಪ ದಣಿವಾರಿಸಿಕೊಳ್ಳಿ ಅಂತ ಕರ್ತನೇ ಹೇಳಿದ್ದು ಮಾರ್ಕನ ಆರನೇ ಅಧ್ಯಾಯದಲ್ಲಿದೆ. ರಜೆ ಅಂದ ಕೂಡಲೇ ಸ್ಪೋಕನ್ ಇಂಗ್ಲಿಷ್, ಕೋಡಿಂಗ್, ಅಬ್ಯಾಕಸ್ ಅಂತ ತುಂಬುವುದು ನನಗೂ ಸರಿ ಕಾಣುವುದಿಲ್ಲ. ಮೊದಲ ಹದಿನೈದು ದಿನ ಮಲಗಲಿ ಬಿಡ್ರಿ. ಆಮೇಲೆ ವಾರಕ್ಕೆ ಎರಡು ಮೂರು ಕೆಲಸ, ಬೇರೆಯವರು ಇವನಿಗಾಗಿ ಕಾಯುವಂಥದ್ದು. ನಮ್ಮ ಸಭೆಯ ಒಬ್ಬ ಹುಡುಗ ಪ್ರತಿ ಬುಧವಾರ ಕಣ್ಣು ಕಾಣದ ಒಬ್ಬ ಅಜ್ಜನಿಗೆ ಪೇಪರ್ ಓದಿ ಹೇಳಲು ಹೋಗುತ್ತಾನೆ. ಕ್ರಿಕೆಟ್ ಪುಟ ಮೊದಲು, ಬೈಬಲ್ ಆಮೇಲೆ. ಅಜ್ಜನದೇ ಷರತ್ತು.

ಕಾನಾ ಊರಿನ ಅತಿಥಿ

ದೊಡ್ಡವರು ಮಿತಿಯಲ್ಲಿ ತೆಗೆದುಕೊಂಡರೆ ತಪ್ಪಿಲ್ಲ ಅನ್ನುವ ನನ್ನ ಮಾತು ಈಗಲೂ ಅದೇ. ಆದರೆ ಕೌಂಟರ್‌ನಲ್ಲಿ ಹುಡುಗರು ಬೇಡ, ಒಪ್ಪಿದೆ. ಮದುವೆಯ ದಿನ ಕೇಕ್ ಜೊತೆ ಟೋಸ್ಟ್‌ಗೆ ಕೊಡುವ ಪುಟ್ಟ ವೈನ್ ಗ್ಲಾಸನ್ನಾದರೂ ಬಿಡುತ್ತೀರಾ ಇಲ್ಲವಾ?

ಬೀದರ್ ಟೀಚರ್

ಟ್ರೇಯಲ್ಲಿ ಎರಡೂ ಇಡಿ ಸರ್, ದ್ರಾಕ್ಷಿ ರಸವೂ ವೈನೂ. ಒಂದೇ ಥರದ ಗ್ಲಾಸ್. ಯಾರು ಯಾವುದು ತೆಗೆದರು ಅಂತ ಪಕ್ಕದವರಿಗೂ ಗೊತ್ತಾಗಬಾರದು.

ಶಿರ್ವದ ಅಮ್ಮ

ನಿನ್ನೆ ಅಣ್ಣನ ಮನೆಗೆ ಹೋಗಿ ಬಂದೆ.

ಮೊದಲು ಬೈಬಲ್ ಮಾತು ಹೇಳಿದೆ, ಅಣ್ಣ ನಕ್ಕ. "ಕಾನ್ವೆಂಟಿನವರ ಹಾಗೆ ಮಾತಾಡಬೇಡ" ಅಂದ. ಸೆಕ್ಷನ್ 78 ಹೇಳಿದ ಮೇಲೆ ನಗು ನಿಂತಿತು. ಅತ್ತಿಗೆ ಒಳಗಿನಿಂದ ಬಂದು, "ಅವಳು ಹೇಳುವುದು ಸರಿ, ಯಾರ ಮಕ್ಕಳೂ ಬೇಡ" ಅಂದರು. ಅತ್ತಿಗೆಗೆ ಇದು ಮೊದಲೇ ಮನಸ್ಸಿನಲ್ಲಿತ್ತು ಅಂತ ಕಾಣುತ್ತದೆ. ಈಗ ಕೌಂಟರ್ ಕ್ಯಾಟರಿಂಗ್‌ನವರಿಗೆ. ಊಟ ಬಡಿಸಲು ಶುರುವಾದ ಕೂಡಲೇ ಬಂದ್. ಲೈಸೆನ್ಸ್ ಮಾಡಿಸುತ್ತಾನಂತೆ. ಅಣ್ಣನ ಮುಖ ಇನ್ನೂ ಸ್ವಲ್ಪ ದಪ್ಪವೇ ಇದೆ, ಮದುವೆಯ ಒಳಗೆ ಇಳಿಯುತ್ತದೆ.

ಮಗ ಎರಡು ದಿನ ಮಾತಾಡಲಿಲ್ಲ. ಈ ಚರ್ಚೆಯಲ್ಲಿ ಪಿಯು ಹುಡುಗ ಬರೆದದ್ದನ್ನು ಓದಲು ಕೊಟ್ಟೆ. ಏನೂ ಹೇಳಲಿಲ್ಲ, ಆದರೆ ಸೌಂಡ್‌ನವರ ನಂಬರ್ ಕೇಳಿದ. ಬಜೆಟ್ ಅವನ ಕೈಗೇ ಕೊಟ್ಟಿದ್ದೇವೆ. ಜೊತೆಗೆ ಒಂದು ಪುನರ್ಪುಳಿ (ಕೋಕಂ) ಶರಬತ್ತಿನ ಮೇಜು ಇಡುತ್ತಾನಂತೆ, ಲೈಟೆಲ್ಲ ಹಾಕಿ ಕೌಂಟರ್‌ಗಿಂತ ಜೋರಾಗಿ. ವಿಬಿಎಸ್ ಥರದ್ದು ನಮ್ಮ ಚರ್ಚಿನಲ್ಲಿ ಇಲ್ಲ, ಮಕ್ಕಳ ಬೇಸಿಗೆ ಶಿಬಿರ ಇದೆ. ಫಾದರ್ ಹತ್ತಿರ ಕೇಳಬೇಕು. ಅದಕ್ಕೆ ಅವನು ಇನ್ನೂ ಹೂಂ ಅಂದಿಲ್ಲ.

ಈಗ ಪ್ರಶ್ನೆ: ಮುನ್ನೂರು ಜನಕ್ಕೆ ಪುನರ್ಪುಳಿ ಶರಬತ್ತು ಎಷ್ಟು ಮಾಡಬೇಕು?

ಜೆಪ್ಪು ಹೆಂಚು

ತಲೆಗೆ ಎರಡು ಗ್ಲಾಸ್ ಲೆಕ್ಕ ಹಿಡಿಯಿರಿ. ಮೇ ಸೆಕೆಗೆ ಅಷ್ಟು ಖರ್ಚಾಗುತ್ತದೆ. ಗ್ಲಾಸಿಗೆ 200 ಮಿಲಿ ಅಂದರೆ 120 ಲೀಟರ್. ಸಿಪ್ಪೆ ಹಿಂದಿನ ರಾತ್ರಿಯೇ ನೆನೆ ಹಾಕಿ, ಸಕ್ಕರೆ ಪಾಕ ಬೇರೆ ಮಾಡಿಟ್ಟುಕೊಳ್ಳಿ. ಅಲ್ಯೂಮಿನಿಯಂ ಪಾತ್ರೆಗೆ ಮಾತ್ರ ಹಾಕಬೇಡಿ, ಹುಳಿ ಪಾತ್ರೆಯನ್ನು ತಿನ್ನುತ್ತದೆ. ಸ್ಟೀಲ್ ಡ್ರಮ್ ಕ್ಯಾಟರಿಂಗ್‌ನವರ ಹತ್ತಿರ ಸಿಗುತ್ತದೆ.

ಪಿಯು ಮುಗೀತು

ಐಸ್ ಬೇರೆ ಆರ್ಡರ್ ಮಾಡಲು ಹೇಳಿ ಆಂಟಿ. ಡ್ರಿಂಕ್ಸ್ ಕೌಂಟರ್‌ನವರು ಕೊಡ್ತೀವಿ ಅಂತಾರೆ, ಎಂಟು ಗಂಟೆ ಮೇಲೆ ಒಂದು ತುಂಡೂ ಕೊಡಲ್ಲ.